ಬೆಳಗ್ಗೆ ಕಲ್ಲು, ಆಮೇಲೆ ಕಡಲು: ಶ್ರೀಲಂಕಾದಲ್ಲಿ ಐದು ದಿನ

ಶ್ರೀಲಂಕಾಕ್ಕೆ ಟಿಕೆಟ್ ಮಾಡಿಸುವ ಮೊದಲು ತೀರ್ಮಾನಿಸಬೇಕಾದ್ದು ತಿಂಗಳು. ಮೇಯಿಂದ ಸೆಪ್ಟೆಂಬರ್‌ವರೆಗೆ, ನಮ್ಮ ಕರಾವಳಿಗೆ ಮಳೆ ತರುವ ಅದೇ ನೈಋತ್ಯ ಮಾರುತ ದ್ವೀಪದ ನೈಋತ್ಯ ತೀರದ ಗಾಲೆ, ಹಿಕ್ಕಡುವ ಕಡೆಯ ಕಡಲನ್ನೂ ಕೆರಳಿಸುತ್ತದೆ. ಆಗ ಅಲ್ಲಿ ಈಜುವ ಆಸೆ ಬೇಡ. ಅದೇ ಹೊತ್ತಿಗೆ ಪೂರ್ವದ ಟ್ರಿಂಕೋಮಲಿಯಲ್ಲಿ ಸಮುದ್ರ ಸಾಮಾನ್ಯವಾಗಿ ಶಾಂತವಾಗಿರುತ್ತದೆ. ನವೆಂಬರ್ ಬಂತೆಂದರೆ ಲೆಕ್ಕ ತಿರುಗಾಮುರುಗಾ. ಹಾಗಾಗಿ ಬೇಸಿಗೆ ರಜೆಯಲ್ಲಿ ಹೊರಡುವ ನಮ್ಮವರು ಕಣ್ಣುಮುಚ್ಚಿ ಪೂರ್ವ ತೀರ ಹಿಡಿಯಬಹುದು. ಹಳೆಯ ರಾಜಧಾನಿಗಳು ಇರುವುದೂ ಅದೇ ದಾರಿಯಲ್ಲಿ.

ಬೆಂಗಳೂರಿನಿಂದ ಕೊಲಂಬೊಗೆ ನೇರ ವಿಮಾನವಿದೆ, ಸುಮಾರು ಒಂದೂವರೆ ಗಂಟೆಯ ಹಾರಾಟ. ಹೊರಡುವ ಮೊದಲೇ ಶ್ರೀಲಂಕಾ ಸರ್ಕಾರದ ಅಧಿಕೃತ ಜಾಲತಾಣದಲ್ಲಿ ಇಟಿಎ ಎಂಬ ಪ್ರಯಾಣ ಪರವಾನಗಿ ಪಡೆದುಕೊಳ್ಳಿ. ಶುಲ್ಕದ ನಿಯಮ ಆಗಾಗ ಬದಲಾಗುತ್ತದೆ. ವಿಮಾನ ನಿಲ್ದಾಣ ಕೊಲಂಬೊ ಊರಿನ ಹೊರಗೆ, ಉತ್ತರಕ್ಕಿದೆ. ಊರೊಳಗೆ ಹೋಗದೆ, ಚಾಲಕನಿರುವ ಕಾರು ಹಿಡಿದು ನೇರ ಹಬರಣ ಅಥವಾ ಸಿಗಿರಿಯಕ್ಕೆ ಹೊರಟುಬಿಡಿ. ನಾಲ್ಕು ಗಂಟೆಯ ದಾರಿ. ಅಲ್ಲಿ ಎರಡು ರಾತ್ರಿ, ಟ್ರಿಂಕೋಮಲಿ ಬಳಿಯ ನಿಲಾವೆಲಿಯಲ್ಲಿ ಎರಡು ರಾತ್ರಿ. ಇದಕ್ಕೆ ಅನುರಾಧಪುರ, ಕ್ಯಾಂಡಿ ಸೇರಿಸಿದಿರೋ, ರಜೆಯೆಲ್ಲ ಕಾರಿನೊಳಗೇ ಮುಗಿಯುತ್ತದೆ.

ಸಿಗಿರಿಯವನ್ನು ಬೆಳಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಹತ್ತಬೇಕು. ಐದನೆಯ ಶತಮಾನದಲ್ಲಿ ಕಶ್ಯಪ ರಾಜ ಬಂಡೆಯ ನೆತ್ತಿಯ ಮೇಲೆ ಕಟ್ಟಿಸಿದ ಅರಮನೆಯದು. ಸಾವಿರಕ್ಕೂ ಹೆಚ್ಚು ಮೆಟ್ಟಿಲು. ಒಂಬತ್ತು ಗಂಟೆಯ ಮೇಲೆ ಕಬ್ಬಿಣದ ಕೈಹಿಡಿಯೂ ಸುಡುತ್ತದೆ. ಭಿತ್ತಿಚಿತ್ರಗಳ ಫೋಟೊ ತೆಗೆಯುವಂತಿಲ್ಲ. ಪ್ರವೇಶದರ ದುಬಾರಿ. ಸಾರ್ಕ್ ದೇಶದವರಿಗೆ ರಿಯಾಯಿತಿ ಇದೆಯೇ ಎಂದು ಟಿಕೆಟ್ ಕೌಂಟರಿನಲ್ಲಿ ಕೇಳಿ, ಪಾಸ್‌ಪೋರ್ಟ್ ಜೊತೆಗಿರಲಿ.

ನನ್ನ ಮನಸ್ಸು ನಿಲ್ಲುವುದು ಮಾತ್ರ ಹಳೆಯ ರಾಜಧಾನಿ ಪೊಲೊನ್ನರುವದಲ್ಲಿ. ಅರ್ಧ ದಿನವಾದರೂ ಅದಕ್ಕೆ ಮೀಸಲಿಡಿ. ಬಾಡಿಗೆ ಸೈಕಲ್ ಸಿಗುತ್ತದೆ. ಮರದ ನೆರಳಿನ ದಾರಿಗಳಲ್ಲಿ ಹಳೆಯ ಕಟ್ಟಡಗಳ ಒಂದು ಗುಂಪಿನಿಂದ ಇನ್ನೊಂದಕ್ಕೆ ತುಳಿದುಕೊಂಡು ಹೋಗಬಹುದು. ಅನುರಾಧಪುರವನ್ನು ಗೆದ್ದ ಚೋಳರು ರಾಜಧಾನಿಯನ್ನು ಇಲ್ಲಿಗೆ ತಂದರು. 1070ರಲ್ಲಿ ವಿಜಯಬಾಹು ಅವರನ್ನು ಹೊರಗಟ್ಟಿದ. 1153ರಲ್ಲಿ ಪಟ್ಟಕ್ಕೆ ಬಂದ ಪರಾಕ್ರಮಬಾಹು ಊರಿಗೆ ಈಗಿನ ಚಹರೆ ಕೊಟ್ಟ. ಅವನ ದೊಡ್ಡ ಕೆರೆಯ ಹೆಸರು ಪರಾಕ್ರಮ ಸಮುದ್ರ. ಕೆರೆಯನ್ನು ಸಮುದ್ರವೆಂದು ಕರೆಯುವುದು ದೋರಸಮುದ್ರದ ನಾಡಿನವರಾದ ನಮಗೆ ಹೊಸದಲ್ಲ.

ವಟದಾಗೆ ಎಂಬ ದುಂಡನೆಯ ಗುಡಿಯ ಬಾಗಿಲಲ್ಲಿ ಕಾಲಡಿಯ ಅರ್ಧಚಂದ್ರ ಶಿಲೆಯನ್ನು ಕೂತು ನೋಡಿ. ಆನೆಯ ಸಾಲು, ಕುದುರೆಯ ಸಾಲು, ಹಂಸಗಳು. ಅನುರಾಧಪುರದ ಇಂಥ ಶಿಲೆಗಳಲ್ಲಿ ಇರುವ ಎತ್ತು ಇಲ್ಲಿಲ್ಲ. ಚೋಳರ ಕಾಲದ ಪ್ರಭಾವದಿಂದ ನಂದಿಯನ್ನು ತುಳಿಯಬಾರದೆಂಬ ಭಾವ ಬಂದಿತ್ತು, ಅದಕ್ಕೇ ಕೈಬಿಟ್ಟರು ಎಂಬ ವಿವರಣೆಯಿದೆ. ಮುಂದೆ ಗಲ್ ವಿಹಾರದಲ್ಲಿ ಒಂದೇ ಬಂಡೆಯ ಉದ್ದಕ್ಕೆ ನಾಲ್ಕು ಬುದ್ಧಮೂರ್ತಿಗಳು. ಮಲಗಿರುವುದರ ಉದ್ದ ಸುಮಾರು 14 ಮೀಟರ್. ತಲೆಯ ಭಾರಕ್ಕೆ ದಿಂಬು ಒಳಗೆ ಕುಸಿದಿರುವುದನ್ನೂ ಶಿಲ್ಪಿ ಕಲ್ಲಿನಲ್ಲಿ ತೋರಿಸಿದ್ದಾನೆ.

ಇಂಥ ಪವಿತ್ರ ಜಾಗಗಳಲ್ಲೆಲ್ಲ ಚಪ್ಪಲಿ, ಟೋಪಿ ತೆಗೆಯಬೇಕು. ಕಾದ ಕಲ್ಲಿನ ಮೇಲೆ ನಡೆಯಲು ದಪ್ಪ ಕಾಲುಚೀಲ ಒಯ್ಯಿರಿ, ಅದಕ್ಕೆ ಅಡ್ಡಿಯಿಲ್ಲ. ಭುಜ, ಮೊಣಕಾಲು ಮುಚ್ಚಿರಲಿ. ಬುದ್ಧನಿಗೆ ಬೆನ್ನು ಮಾಡಿ ಸೆಲ್ಫಿ ತೆಗೆದುಕೊಳ್ಳುವುದನ್ನು ಅಲ್ಲಿಯವರು ಅವಮಾನವೆಂದೇ ತಿಳಿಯುತ್ತಾರೆ.

ಬಿಸಿಲಲ್ಲಿ ಸುತ್ತಿದ ಮೇಲೆ ಕೆರೆ ಕಂಡರೆ, ಬಾವಿಯಲ್ಲಿ ಈಜು ಕಲಿತವರಿಗೆ ಕೈಕಾಲು ಕಡಿಯತೊಡಗುತ್ತದೆ. ದಯವಿಟ್ಟು ಇಳಿಯಬೇಡಿ. ಈ ಕೆರೆಗಳಲ್ಲಿ ಮೊಸಳೆಗಳಿವೆ. ಸ್ಥಳೀಯರು ಸ್ನಾನ ಮಾಡುತ್ತಿದ್ದರೆ, ಅವರಿಗೆ ಆ ಜಾಗ ಗೊತ್ತು, ನಮಗೆ ಗೊತ್ತಿಲ್ಲ. ಪೊಲೊನ್ನರುವದ ಅರಮನೆಯ ಪಕ್ಕದ ಕುಮಾರ ಪೊಕುಣ ಎಂಬ ರಾಜರ ಸ್ನಾನದ ಕೊಳವನ್ನು ದಡದಲ್ಲಿ ನಿಂತು ನೋಡಿ, ಈಜುವ ಆಸೆಯನ್ನು ಒಂದು ದಿನ ತಡೆದುಕೊಳ್ಳಿ.

ಯಾಕೆಂದರೆ ಮರುದಿನ ನಿಲಾವೆಲಿ. ಮರಳು ಬಿಳಿ, ನೀರು ಬೆಚ್ಚಗೆ. ಅಲೆ ಇಲ್ಲದ ದಿನ ಮಕ್ಕಳೂ ದಡದ ಬಳಿ ಆಡಬಹುದು. ಆದರೂ ಎಲ್ಲ ಕಡೆ ಜೀವರಕ್ಷಕರಿರುವುದಿಲ್ಲ, ಹೋಟೆಲಿನವರನ್ನು ಕೇಳಿಯೇ ಇಳಿಯಿರಿ. ಅಲ್ಲಿಂದ ಒಂದು ಕಿಲೋಮೀಟರ್ ದೂರದ ಪಿಜನ್ ಐಲೆಂಡ್ ರಾಷ್ಟ್ರೀಯ ಉದ್ಯಾನಕ್ಕೆ ಬೆಳಗ್ಗೆ ಬೇಗನೆ ದೋಣಿಯಲ್ಲಿ ಹೋಗಿ. ಮುಖಕ್ಕೆ ಮಾಸ್ಕ್ ಹಾಕಿ ತಲೆ ಮುಳುಗಿಸಿದರೆ ಸಾಕು: ಗಿಳಿಮೀನುಗಳು ಹವಳವನ್ನು ಕಟಕಟ ಕಡಿಯುವ ಸದ್ದು ಕೇಳುತ್ತದೆ. ರೆಕ್ಕೆಯ ತುದಿ ಕಪ್ಪಗಿರುವ ಪುಟ್ಟ ಶಾರ್ಕ್‌ಗಳೂ ಕಾಣಿಸಬಹುದು, ಅವು ನಮ್ಮನ್ನು ಕಂಡು ದೂರ ಸರಿಯುತ್ತವೆ. ಹವಳದ ಮೇಲೆ ಕಾಲಿಡಬೇಡಿ. ಮುರಿದದ್ದು ಬೆಳೆಯಲು ವರ್ಷಗಳೇ ಬೇಕು. ಬಿಸಿಲಿಗೆ ಕ್ರೀಮಿಗಿಂತ ತುಂಬುತೋಳಿನ ಈಜಂಗಿ ಒಳ್ಳೆಯದು.

ಸಂಜೆ ಟ್ರಿಂಕೋಮಲಿಯ ಕೋಣೇಶ್ವರಕ್ಕೆ ಹೋಗಿ ಬನ್ನಿ. ಹಳೆಯ ಗುಡಿಯನ್ನು ಪೋರ್ಚುಗೀಸರು ಹದಿನೇಳನೆಯ ಶತಮಾನದಲ್ಲಿ ಕೆಡವಿದರು. ಈಗಿನದು ಅದೇ ಬಂಡೆಯ ತುದಿಯಲ್ಲಿ, ಕಡಲ ಮೇಲೆ ಚಾಚಿಕೊಂಡಿದೆ. ದಾರಿಯ ಕೋಟೆಯೊಳಗೆ ಜಿಂಕೆಗಳು ಅಡ್ಡಾಡುತ್ತಿರುತ್ತವೆ.

ಸಸ್ಯಾಹಾರಿಗಳಿಗೆ ಅನ್ನ, ಬೇಳೆ, ತರಕಾರಿ ಪಲ್ಯ ಧಾರಾಳ. ಆದರೆ ಕಾಯಿ ಸಂಬೋಲದಲ್ಲಿ ‘ಉಂಬಲಕಡ’ ಎಂಬ ಒಣಮೀನಿನ ಚೂರು ಇರುತ್ತದೆ, ಹೆಸರು ಹೇಳಿಯೇ ಬೇಡವೆನ್ನಿ. ಪೋಯ, ಅಂದರೆ ಹುಣ್ಣಿಮೆಯ ದಿನ, ಬೌದ್ಧ ಕ್ಷೇತ್ರಗಳಲ್ಲಿ ಯಾತ್ರಿಕರ ದಟ್ಟಣೆ. ಆ ದಿನವನ್ನು ಕಡಲಿಗೆ ಇಟ್ಟುಕೊಳ್ಳಿ.

ಮರಳುವ ದಿನ ವಿಮಾನ ರಾತ್ರಿಯದ್ದಾಗಿರಲಿ, ನಿಲಾವೆಲಿಯಿಂದ ನಿಲ್ದಾಣಕ್ಕೆ ಆರು ಗಂಟೆಯಾದರೂ ಬೇಕು. ತಿಂಡಿ ಮುಗಿಸಿ ಹೊರಟುಬಿಡಿ: ಹಬರಣದ ಕಾಡಿನ ರಸ್ತೆಯಲ್ಲಿ ಸಂಜೆಯಾದರೆ ಆನೆಗಳು ದಾಟುತ್ತವೆ, ಅವು ದಾಟಿ ಮುಗಿಸುವವರೆಗೆ ಕಾಯಲೇಬೇಕು.