ಬರೆದಿಟ್ಟ ಅಡುಗೆಯ ಪ್ರಾಮಾಣ್ಯ



ವ್ರತವೆಂದೊಡನೆ ನಮ್ಮ ಮನಸ್ಸು ಬಸದಿಯ ಕಡೆಗೆ ಹರಿಯುತ್ತದೆ. ಅಡುಗೆಮನೆಯ ಕಡೆಗೆ ಹರಿಯುವುದು ಕಡಮೆ. ಆದರೆ ವಿಚಾರಿಸಿ ನೋಡಿದರೆ ಗೃಹಸ್ಥನ ನಿಯಮಗಳಲ್ಲಿ ಬಹುಪಾಲು ಉಳಿಯುವುದೂ ಅಳಿಯುವುದೂ ಅಡುಗೆಮನೆಯಲ್ಲಿಯೇ. ನಿರಾಹಾರವಾಗಿ ಉಪವಾಸ ಮಾಡುವವನಿಗೆ ಅನ್ಯರ ಹಂಗಿಲ್ಲ. ಏಕಾಶನ ಮಾಡುವವನು, ಯಾವುದಾದರೊಂದು ರಸವನ್ನು ಬಿಟ್ಟವನು, ಕಂದಮೂಲಗಳನ್ನು ತ್ಯಜಿಸಿದವನು ಮಾತ್ರ ಬಡಿಸುವವರ ಮಾತನ್ನು ನಂಬಿ ಉಣ್ಣಬೇಕು. ಬಡಿಸುವವರಾದರೋ ಆ ಅಡುಗೆಯನ್ನು ತಮಗೆ ಕಲಿಸಿದವರ ಮಾತನ್ನು ನಂಬಿ ಮಾಡಿರುತ್ತಾರೆ. ಹೀಗೆ ಒಂದು ತುತ್ತಿನ ಹಿಂದೆ ಎರಡು ಮೂರು ಮನೆಗಳ ನಂಬಿಕೆ ಇರುತ್ತದೆ. ಒಂದು ಮನೆಯಲ್ಲಿ ತಲೆಮಾರುಗಳಿಂದ ನಡೆದುಬಂದ ನೆಚ್ಚಿನ ಅಡುಗೆಯನ್ನು ಇನ್ನೊಂದು ಮನೆಗೆ ಹೇಳಿಕೊಡುವಾಗ ಹೇಳುವವರ ಹೊಣೆಯೇನು ಎಂಬುದೇ ಈ ಪಾಠದ ವಿಷಯ.

ಹಿಂದಿನವರ ಮಾರ್ಗ

ಅಡುಗೆಯನ್ನು ಬರೆದಿಡುವುದು ಹೊಸ ಪದ್ಧತಿಯಲ್ಲ. ಪಶ್ಚಿಮ ಚಾಲುಕ್ಯರ ಜಯಸಿಂಹನ ಕಾಲದಲ್ಲಿ, ಕ್ರಿ.ಶ. 1025ರ ಸುಮಾರಿಗೆ, ಎರಡನೆಯ ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ದಲ್ಲಿ ಕೃಷಿ, ಅಂತರ್ಜಲ ಶೋಧನೆ, ಸುಗಂಧದ್ರವ್ಯಗಳ ತಯಾರಿಕೆ ಮೊದಲಾದ ವಿಷಯಗಳ ಜೊತೆಗೆ ಪಾಕಕ್ಕೂ ಸ್ಥಾನ ದೊರೆತಿದೆ. ಲೋಕಕ್ಕೆ ಉಪಕಾರವಾಗುವ ವಿದ್ಯೆಗಳಲ್ಲಿ ಅಡುಗೆಯೂ ಒಂದೆಂದು ಆ ಕವಿ ಬಗೆದನು. ಅನಂತರ, ಕ್ರಿ.ಶ. 1508ರಲ್ಲಿ ‘ಸಮ್ಯಕ್ತ್ವಕೌಮುದಿ’ಯನ್ನು ಬರೆದ ಜೈನಕವಿ ಮೂರನೆಯ ಮಂಗರಸನು ‘ಸೂಪಶಾಸ್ತ್ರ’ವೆಂಬ ಗ್ರಂಥವನ್ನೇ ರಚಿಸಿದನು. ಹಿಟ್ಟಿನ ಭಕ್ಷ್ಯಗಳು, ಪಾನಕಗಳು, ಅನ್ನದ ಬಗೆಗಳು, ಕಾಯಿಪಲ್ಯಗಳು ಎಂದು ವಿಂಗಡಿಸಿ ಶಾಕಾಹಾರದ ಪಾಕಗಳನ್ನು ಅವನು ಪದ್ಯಗಳಲ್ಲಿ ವಿವರಿಸಿದನು. ಧರ್ಮಕಥೆಯನ್ನು ಬರೆದ ಕೈಯೇ ಅಡುಗೆಯನ್ನೂ ಬರೆಯಿತು. ಅದರಿಂದ ಆ ಕೈಗೆ ಕುಂದೇನೂ ಬರಲಿಲ್ಲ.

ಇಲ್ಲಿ ಒಂದು ವಿವೇಕವನ್ನೂ ಗಮನಿಸಬೇಕು. ಮಂಗರಸನು ಬದನೆಕಾಯಿಯ ಅಡುಗೆಗಳನ್ನು ಹಲವು ಬಗೆಯಾಗಿ ಹೇಳಿದ್ದಾನೆ. ಆದರೆ ಬದನೆಯನ್ನು ಬಹುಬೀಜವೆಂದು ಬಿಟ್ಟಿರುವ ವ್ರತಿಗಳು ನಮ್ಮಲ್ಲಿ ಅನೇಕರಿದ್ದಾರೆ. ಗ್ರಂಥದಲ್ಲಿದೆಯೆಂಬ ಮಾತ್ರಕ್ಕೆ ಅದು ಎಲ್ಲರ ಎಲೆಗೂ ಸಲ್ಲುವುದಿಲ್ಲ. ಬರೆದವನು ಪದಾರ್ಥದ ಹೆಸರನ್ನು ಸ್ಪಷ್ಟವಾಗಿ ಹೇಳಿರುವುದರಿಂದಲೇ ಓದುವವನು ತನ್ನ ನಿಯಮಕ್ಕೆ ತಕ್ಕಂತೆ ಕೊಳ್ಳಬಲ್ಲನು, ಬಿಡಬಲ್ಲನು. ಈ ಸ್ಪಷ್ಟತೆ ತಪ್ಪಿದರೆ ಏನಾಗುತ್ತದೆಂಬುದನ್ನು ನಮ್ಮ ಕುಟುಂಬದಲ್ಲಿಯೇ ನಡೆದ ಸಂಗತಿಯಿಂದ ತಿಳಿಸುತ್ತೇನೆ.

ಒಂದು ಪದದಿಂದಾದ ಅನರ್ಥ

ನನ್ನ ಅಕ್ಕನವರನ್ನು ಭದ್ರಾವತಿಗೆ ಕೊಟ್ಟಿತ್ತು. 1923ರಲ್ಲಿ ಆರಂಭವಾದ ಅಲ್ಲಿನ ಕಬ್ಬಿಣದ ಕಾರ್ಖಾನೆಯಲ್ಲಿ ಭಾವನವರಿಗೆ ಉದ್ಯೋಗ. ಮೂರು ಪಾಳಿಯ ಕೆಲಸ. ಭಾವನವರಿಗೆ ಸೂರ್ಯಾಸ್ತಕ್ಕೆ ಮುನ್ನ ಉಣ್ಣುವ ನಿಯಮವಿತ್ತು. ನಮ್ಮ ಸೀಮೆಯಲ್ಲಿ ಮಾರ್ಗಶಿರದ ಹೊತ್ತು ಸಂಜೆ ಆರರ ಆಸುಪಾಸಿನಲ್ಲಿ ಮುಳುಗಿದರೆ, ಆಷಾಢದಲ್ಲಿ ಏಳರ ಹತ್ತಿರ ಮುಳುಗುತ್ತದೆ. ಅದಕ್ಕೂ ಒಂದು ಮುಹೂರ್ತ, ಅಂದರೆ 48 ನಿಮಿಷ, ಮೊದಲೇ ಊಟ ಮುಗಿಯಬೇಕೆಂಬುದು ಅವರ ಕಟ್ಟುನಿಟ್ಟು. ಎರಡನೆಯ ಪಾಳಿಯ ದಿನಗಳಲ್ಲಿ ಡಬ್ಬಿಯ ಬುತ್ತಿಯೇ ಗತಿ. ನಾಲ್ಕು ಗಂಟೆ ಕಳೆದರೂ ಮೆತ್ತಗಿರುವ ಅಕ್ಕಿಯ ಕಡುಬು, ಹಳಸದ ಚಟ್ನಿಪುಡಿ, ಹಸಿವನ್ನು ಹಿಡಿದು ನಿಲ್ಲಿಸುವ ಹುಗ್ಗಿ ಇವನ್ನು ಅಕ್ಕನವರು ವರ್ಷಾನುವರ್ಷ ಮಾಡಿ ಮಾಡಿ ಹದಕ್ಕೆ ತಂದಿದ್ದರು. ಅವರ ಅಡುಗೆ ಎಂದೂ ಕೆಟ್ಟದ್ದಿಲ್ಲವೆಂಬ ಮಾತು ಬಂಧುವರ್ಗದಲ್ಲೆಲ್ಲ ಹಬ್ಬಿತ್ತು. ಮದುವೆಯಾಗಿ ಹೊರಟ ಹೆಣ್ಣುಮಕ್ಕಳೆಲ್ಲ ಅವರಲ್ಲಿಗೆ ಬಂದು ಬರೆಸಿಕೊಂಡು ಹೋಗುತ್ತಿದ್ದರು.

ಸುಮಾರು ಮೂವತ್ತು ವರ್ಷಗಳ ಹಿಂದಿನ ಮಾತು. ಅಕ್ಕನವರ ಬೀಗಿತ್ತಿಯವರು ಶಿವಮೊಗ್ಗದ ನಮ್ಮ ಮನೆಗೆ ಬಂದಿದ್ದರು. ಅವರಿಗೆ ಆ ದಿನ ಏಕಾಶನ; ಅಲ್ಲದೆ ದ್ವಿದಳತ್ಯಾಗವಿತ್ತು. ಇಬ್ಭಾಗವಾಗುವ ಬೇಳೆಕಾಳುಗಳನ್ನು ಹಾಲು, ಮೊಸರು, ಮಜ್ಜಿಗೆಗಳೊಡನೆ ಕೂಡಿಸಿ ಉಣ್ಣದಿರುವುದೇ ಈ ನಿಯಮ. ಕಾಯಿಸಿದ ಮಜ್ಜಿಗೆಯ ವಿಷಯದಲ್ಲಿ ಆಚಾರಭೇದಗಳುಂಟು. ಅವರು ಮಾತ್ರ ಅದನ್ನೂ ಬಿಟ್ಟಿದ್ದರು. ನನ್ನ ಮನೆಯವರು ಅಕ್ಕನವರ ಬರಹವನ್ನು ಮುಂದಿಟ್ಟುಕೊಂಡು ಬೂದುಗುಂಬಳದ ಮಜ್ಜಿಗೆಹುಳಿ ಮಾಡಿದರು. ಭದ್ರಾವತಿಯಲ್ಲಿ ಬೀಗಿತ್ತಿಯವರು ಎಷ್ಟೋ ಸಲ ಉಂಡಿದ್ದ ಅಡುಗೆಯೇ ಅದು. ಆದ್ದರಿಂದ ಅವರೂ ವಿಚಾರಿಸಲಿಲ್ಲ, ಇವರೂ ಸಂದೇಹಪಡಲಿಲ್ಲ.

ಅರ್ಧ ಊಟವಾದ ಮೇಲೆ ಬೀಗಿತ್ತಿಯವರು ಕೈ ತಡೆದು, “ಇದು ಸ್ವಲ್ಪ ಗಟ್ಟಿಯಾಗಿದೆಯಲ್ಲಮ್ಮಾ, ಏನು ರುಬ್ಬಿ ಹಾಕಿದೆ?” ಎಂದು ಕೇಳಿದರು.

“ಕಾಯಿ, ಜೀರಿಗೆ, ಹಸಿಮೆಣಸಿನಕಾಯಿ, ಒಂದು ಹಿಡಿ ನೆನೆಸಿದ ಕಡಲೆಬೇಳೆ ಅತ್ತೆಯವರೇ” ಎಂದರು ನನ್ನ ಮನೆಯವರು. ಹೇಳುತ್ತಿದ್ದಂತೆಯೇ ಅವರ ಮುಖ ಬಿಳಿಚಿತು.

ಬೀಗಿತ್ತಿಯವರು ಒಂದು ಮಾತನ್ನೂ ಆಡದೆ ಎಲೆಯ ಮುಂದಿನಿಂದ ಎದ್ದರು. ಮರುದಿನ ಪ್ರಾಯಶ್ಚಿತ್ತವಾಗಿ ಉಪವಾಸವಿದ್ದರು. ಅಡುಗೆ ಮಾಡಿದವರೂ ಅವರೊಡನೆ ಉಪವಾಸವಿದ್ದರು.

ಬರಹವನ್ನು ತೆಗೆದು ನೋಡಿದೆವು. ಕಾಯಿಯ ತೂಕ, ಮಜ್ಜಿಗೆಯ ಅಳತೆ, ಒಗ್ಗರಣೆ ಎಲ್ಲವೂ ಸರಿಯಾಗಿದ್ದವು. ಮಸಾಲೆಯ ಸ್ಥಾನದಲ್ಲಿ ಮಾತ್ರ “ಎಂದಿನಂತೆ ರುಬ್ಬಿಕೊಳ್ಳುವುದು” ಎಂದಿತ್ತು. ಅಕ್ಕನವರ ‘ಎಂದಿನಂತೆ’ ಎಂದರೆ ನೆನೆಸಿದ ಅಕ್ಕಿ. ನಮ್ಮ ಮನೆಯ ‘ಎಂದಿನಂತೆ’ ಎಂದರೆ ಕಡಲೆಬೇಳೆ. ಯಾರೂ ಸುಳ್ಳು ಹೇಳಿರಲಿಲ್ಲ, ಯಾರೂ ಅಜಾಗ್ರತೆಯಿಂದ ಅಡುಗೆ ಮಾಡಿರಲಿಲ್ಲ. ಆದರೂ ಒಬ್ಬರ ನಿಯಮ ಭಂಗವಾಯಿತು.

ಸುದ್ದಿ ತಿಳಿದ ಅಕ್ಕನವರು ಮರುವಾರವೇ ಬಸ್ಸು ಹತ್ತಿ ಬಂದು ಬೀಗಿತ್ತಿಯವರಲ್ಲಿ ಕ್ಷಮೆ ಬೇಡಿದರು. ಅನಂತರ ಒಂದು ಹೊಸ ನೋಟುಪುಸ್ತಕವನ್ನು ತಂದು ತಮ್ಮ ಅಡುಗೆಗಳನ್ನೆಲ್ಲ ಮೊದಲಿನಿಂದ ಬರೆದರು. ಬರಿಯ ನೆನಪಿನಿಂದ ಬರೆಯಲಿಲ್ಲ; ಒಂದೊಂದನ್ನೂ ಮಾಡುತ್ತಾ, ಕೈಯಲ್ಲಿ ಹಿಡಿದುದನ್ನು ಲೋಟದಲ್ಲಿ ಅಳೆಯುತ್ತಾ, ಗಡಿಯಾರ ನೋಡುತ್ತಾ ಬರೆದರು. ಅದಕ್ಕೆ ಒಂದು ಚಾತುರ್ಮಾಸವೇ ಹಿಡಿಯಿತು.

ಬರೆಯುವವರು ಪಾಲಿಸಬೇಕಾದ ನಾಲ್ಕು ಅಂಶಗಳು

ಆ ಪುಸ್ತಕವನ್ನು ಓದಿ ನಾನು ಸಂಗ್ರಹಿಸಿದ ಅಂಶಗಳಿವು.

1. ಒಳಗೆ ಹೋಗುವುದೆಲ್ಲವೂ ಹೊರಗೆ ಕಾಣಬೇಕು. ‘ಮಸಾಲೆ’, ‘ಸಾಮಾನು’, ‘ಎಂದಿನಂತೆ’ ಎಂಬ ಪದಗಳು ಸಲ್ಲವು. ಅಂಗಡಿಯ ಇಂಗಿನಲ್ಲಿ ಸಾಮಾನ್ಯವಾಗಿ ಗೋಧಿಯ ಅಥವಾ ಅಕ್ಕಿಯ ಹಿಟ್ಟು ಬೆರೆತಿರುತ್ತದೆ. ಧಾನ್ಯವನ್ನು ಬಿಟ್ಟ ದಿನ ಅದೂ ಲೆಕ್ಕಕ್ಕೆ ಬರುತ್ತದೆ. ಶುಂಠಿ ಎಂದಷ್ಟೇ ಬರೆದರೆ ಸಾಲದು. ಹಸಿಯ ಶುಂಠಿ ಕಂದಮೂಲ, ಒಣಶುಂಠಿ ನಮ್ಮಲ್ಲಿ ಗ್ರಾಹ್ಯ.

2. ಅಳತೆ ಎಲ್ಲರ ಕೈಗೂ ಒಂದೇ ಆಗಿರಬೇಕು. ಹಿಡಿ, ಚಿಟಿಕೆಗಳು ಮನೆಯಿಂದ ಮನೆಗೆ ಬೇರೆ. ಯಾವ ಲೋಟದಿಂದ ಅಕ್ಕಿಯನ್ನು ಅಳೆದೆವೋ ಅದರಿಂದಲೇ ನೀರನ್ನೂ ಅಳೆಯುವುದು ಸುಲಭೋಪಾಯ. ಹೊಸ ಅಕ್ಕಿಗೆ ನೀರು ಕಡಮೆ, ಹಳೆಯ ಅಕ್ಕಿಗೆ ಹೆಚ್ಚು ಎಂಬುದನ್ನೂ ಸೂಚಿಸಬೇಕು.

3. ಉಪ್ಪು, ತುಪ್ಪಗಳು ಯಾವ ಘಟ್ಟದಲ್ಲಿ ಸೇರುತ್ತವೆಂಬುದನ್ನು ಹೇಳಬೇಕು. ಬಾಹ್ಯ ತಪಸ್ಸುಗಳು ಆರು. ಅವುಗಳಲ್ಲಿ ರಸಪರಿತ್ಯಾಗ ಒಂದು. ಹಾಲು, ಮೊಸರು, ತುಪ್ಪ, ಎಣ್ಣೆ, ಸಿಹಿ, ಉಪ್ಪುಗಳಲ್ಲಿ ಒಂದನ್ನೋ ಹಲವನ್ನೋ ಬಿಟ್ಟವರು ಮನೆಯಲ್ಲಿದ್ದರೆ, ಅವನ್ನು ಹಾಕುವ ಮೊದಲೇ ಅವರ ಪಾಲನ್ನು ತೆಗೆದಿಡಬಹುದು. ಕೊನೆಯಲ್ಲಿ ಸೇರಿಸಲು ಬರುವಂಥದನ್ನು ಕೊನೆಯಲ್ಲಿಯೇ ಸೇರಿಸಿದರೆ ಒಂದೇ ಪಾತ್ರೆಯ ಅಡುಗೆ ಎಲ್ಲರಿಗೂ ಆಗುತ್ತದೆ.

4. ಕಾಲವನ್ನು ತಿಳಿಸಬೇಕು. ಬೇಯಲು ಎಷ್ಟು ಹೊತ್ತು, ಎಷ್ಟು ಹೊತ್ತಿನವರೆಗೆ ಉಣ್ಣಬಹುದು ಎಂಬ ಎರಡೂ ಬೇಕು. ಹಿಟ್ಟಿಗೆ ನಮ್ಮ ಹಿರಿಯರು ಹೇಳಿದ ಮರ್ಯಾದೆ ಮಳೆಗಾಲದಲ್ಲಿ 3 ದಿನ, ಬೇಸಗೆಯಲ್ಲಿ 5 ದಿನ, ಚಳಿಗಾಲದಲ್ಲಿ 7 ದಿನ. ತೇವವಿದ್ದಲ್ಲಿ ಹಿಟ್ಟು ಬೇಗ ಕೆಡುತ್ತದೆಂಬುದನ್ನು ಮಲೆನಾಡಿನ ಮಳೆಯನ್ನು ಕಂಡವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಉದಾಹರಣೆ: ಪಾರಣೆಯ ಗಂಜಿ

ಮೇಲಿನ ಅಂಶಗಳಿಗೆ ಉದಾಹರಣೆಯಾಗಿ ಅಕ್ಕನವರ ಪುಸ್ತಕದ ಒಂದು ಅಡುಗೆಯನ್ನು ಕೊಡುತ್ತೇನೆ. ಭಾದ್ರಪದ ಶುದ್ಧ ಪಂಚಮಿಯಿಂದ ಚತುರ್ದಶಿಯವರೆಗಿನ ದಶಲಕ್ಷಣ ಪರ್ವದಲ್ಲಿ ಉಪವಾಸ ಮಾಡಿದವರಿಗೆ ಪಾರಣೆಯ ದಿನ ಮೊದಲು ಬಡಿಸುವುದು ಇದನ್ನೇ. ಜ್ವರ ಬಿಟ್ಟವರಿಗೂ, ದೂರದ ಪ್ರಯಾಣದಿಂದ ಬಳಲಿ ಬಂದವರಿಗೂ ಹಿತ.

ಐದು ಜನಕ್ಕೆ: ಅಕ್ಕಿತರಿ 1 ಲೋಟ, ಹೆಸರುಬೇಳೆ ಅರ್ಧ ಲೋಟ, ಸೋಸಿದ ನೀರು 9 ಲೋಟ, ಬೇರೆಯಾಗಿ ಕಾಯಿಸಿಟ್ಟ ನೀರು 1 ಲೋಟ, ಜೀರಿಗೆ 1 ಚಮಚ, ಕುಟ್ಟಿದ ಕಾಳುಮೆಣಸು 6 ಕಾಳು, ಒಣಶುಂಠಿಯ ಪುಡಿ ಕಾಲು ಚಮಚ, ತೆಂಗಿನತುರಿ 4 ಚಮಚ, ತುಪ್ಪ 2 ಚಮಚ, ಉಪ್ಪು ರುಚಿಗೆ. ಬೇರೆ ಏನೂ ಇಲ್ಲ.

ಅಕ್ಕಿತರಿ, ಬೇಳೆಗಳನ್ನು ಹುಳುಹುಪ್ಪಟೆ ನೋಡಿ ಆರಿಸಿಕೊಳ್ಳಬೇಕು. ಬೇಳೆಯನ್ನು ಸಣ್ಣ ಉರಿಯಲ್ಲಿ ಪರಿಮಳ ಬರುವವರೆಗೆ, ಕೆಂಪಾಗಗೊಡದೆ ಹುರಿಯಬೇಕು. ನೀರು ಕುದಿಯತೊಡಗಿದಾಗ ತೊಳೆದ ಬೇಳೆಯನ್ನು ಹಾಕಿ 10 ನಿಮಿಷ ಬೇಯಿಸಿ, ಆಮೇಲೆ ತೊಳೆದ ತರಿಯನ್ನೂ ಜೀರಿಗೆಯನ್ನೂ ಸೇರಿಸಬೇಕು. ತಳ ಹಿಡಿಯದಂತೆ ಕೈಯಾಡಿಸುತ್ತಾ ಇನ್ನು 20 ನಿಮಿಷ ಬೇಯಿಸಿದರೆ ಕಾಳು ಬೆರಳಿಗೆ ನುರಿಯುತ್ತದೆ. ಗಟ್ಟಿಯಾದರೆ ಕಾಯಿಸಿಟ್ಟ ನೀರನ್ನು ಬೆರೆಸಬೇಕು. ತಣ್ಣೀರು ಹಾಕಿದರೆ ಗಂಜಿ ಒಡೆದು ನೀರು ಬೇರೆಯಾಗಿ ನಿಲ್ಲುತ್ತದೆ. ಮೆಣಸು, ಶುಂಠಿ, ಕಾಯಿತುರಿ ಹಾಕಿ ಇಳಿಸಬೇಕು. ಉಪ್ಪು, ತುಪ್ಪ ಬಿಟ್ಟವರ ಪಾಲನ್ನು ಈಗ ತೆಗೆದಿಟ್ಟು, ಉಳಿದುದಕ್ಕೆ ಅವೆರಡನ್ನೂ ಸೇರಿಸಬೇಕು. ಬೆಚ್ಚಗಿರುವಾಗಲೇ ಉಣ್ಣಬೇಕು; ಮರುಹೊತ್ತಿಗೆ ಇಡಬಾರದು. ಇದರಲ್ಲಿ ಬೇಳೆಯಿದೆ; ಆದುದರಿಂದ ದ್ವಿದಳದ ನಿಯಮವಿರುವವರು ಇದರೊಡನೆ ಮಜ್ಜಿಗೆ ಬಡಿಸಿಕೊಳ್ಳಬಾರದು.

ಕೊನೆಯ ಆ ವಾಕ್ಯಕ್ಕೆ ಅಕ್ಕನವರು ಕೆಂಪು ಶಾಯಿಯಲ್ಲಿ ಗೆರೆ ಎಳೆದಿದ್ದಾರೆ.

ಉಪಸಂಹಾರ

ದಾನಗಳು ನಾಲ್ಕು: ಆಹಾರ, ಔಷಧ, ಶಾಸ್ತ್ರ, ಅಭಯ. ಉಣಬಡಿಸುವುದು ಆಹಾರದಾನ. ಅಡುಗೆಯನ್ನು ಬರೆದುಕೊಡುವುದು ಆಹಾರದಾನಕ್ಕೆ ನೆರವಾಗುವ ವಿದ್ಯಾದಾನ. ಅದಕ್ಕೆ ಸತ್ಯಾಣುವ್ರತ ಅನ್ವಯಿಸುತ್ತದೆಂಬುದು ನನ್ನ ಅಭಿಪ್ರಾಯ. ಸತ್ಯವೆಂದರೆ ಸುಳ್ಳಾಡದಿರುವುದು ಮಾತ್ರವಲ್ಲ. ಕೇಳುವವನಿಗೆ ತಿಳಿಯಬೇಕಾದುದನ್ನು ಬಿಡದೆ ಹೇಳುವುದೂ ಅದರ ಅಂಗ. ಕೈರುಚಿಯ ಗುಟ್ಟೆಂದು ಒಂದು ಪದಾರ್ಥವನ್ನು ಬಚ್ಚಿಟ್ಟುಕೊಂಡು ಉಳಿದುದನ್ನು ಕೊಡುವ ಅಭ್ಯಾಸ ಕೆಲವೆಡೆ ಉಂಟು. ಅದು ಲೋಭವಲ್ಲದೆ ಬೇರೆಯಲ್ಲ.

ಅಕ್ಕನವರು ತೀರಿಕೊಂಡು ಆರು ವರ್ಷಗಳಾದವು. ಕಳೆದ ಪಾರಣೆಯ ದಿನ ಅವರ ಮೊಮ್ಮಗಳು, ಒಲೆಯ ಬಳಿ ಅವರೊಡನೆ ಎಂದೂ ನಿಂತು ಕಲಿಯದ ಹುಡುಗಿ, ಆ ಪುಸ್ತಕವನ್ನು ನೋಡಿಕೊಂಡು ಗಂಜಿ ಮಾಡಿದಳು. ತೊಂಬತ್ತರ ಹತ್ತಿರದ ಬೀಗಿತ್ತಿಯವರು ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು, ಏನು ಹಾಕಿದೆಯೆಂದು ಕೇಳದೆಯೇ ಕುಡಿದರು.

ಅಭ್ಯಾಸಕ್ಕೆ ಪ್ರಶ್ನೆಗಳು

1. ನಿಮ್ಮ ಮನೆಯ ಒಂದು ಅಡುಗೆಯನ್ನು ಬರೆಯಿರಿ. ಅದನ್ನು ಓದಿದವರು ನಿಮ್ಮನ್ನು ಏನನ್ನೂ ಕೇಳದೆ ಮಾಡಬಲ್ಲರೇ?
2. ಆ ಅಡುಗೆಯಲ್ಲಿ ಯಾವ ಯಾವ ನಿಯಮದವರು ಯಾವುದನ್ನು ಬಿಡಬೇಕಾಗುತ್ತದೆ? ಬಿಟ್ಟರೆ ಹದ ಕೆಡದಂತೆ ಏನು ಮಾಡಬಹುದು?
3. ನಿಮ್ಮ ಮನೆಯ ಹಿರಿಯರ ಯಾವ ಅಡುಗೆ ಇನ್ನೂ ಬರಹಕ್ಕೆ ಬಂದಿಲ್ಲ? ಅವರೊಡನೆ ನಿಂತು ಅದನ್ನು ಅಳೆದು ಬರೆದುಕೊಳ್ಳಲು ಯಾವ ದಿನವನ್ನು ಗೊತ್ತುಮಾಡಿದ್ದೀರಿ?