ಹಿತ್ತಲಲ್ಲೊಂದು ಕಚೇರಿ: ಮೇಜಿಗಿಂತ ಮೊದಲು ಸೂರು

2020ರ ಲಾಕ್‌ಡೌನಿನಲ್ಲಿ ಲ್ಯಾಪ್‌ಟಾಪ್ ಹಿಡಿದು ಊರಿಗೆ ಬಂದವರಲ್ಲಿ ಕೆಲವರು ಬೆಂಗಳೂರಿಗೆ ತಿರುಗಿ ಹೋಗಲಿಲ್ಲ. ಸಾಗರ, ಶಿರಸಿ, ತೀರ್ಥಹಳ್ಳಿ ಕಡೆ ಅಂಥವರ ಕಚೇರಿ ಈಗಲೂ ಉಪ್ಪರಿಗೆಯ ಮೂಲೆಯಲ್ಲೋ ದೇವರ ಕೋಣೆಯ ಪಕ್ಕದಲ್ಲೋ ನಡೆಯುತ್ತಿದೆ. ಮೀಟಿಂಗ್ ನಡುವೆ ಮಿಕ್ಸಿ ಗುರ್ರೆನ್ನುತ್ತದೆ. ಅಡಿಕೆ ಸುಲಿಯಲು ಬಂದವರ ಹರಟೆ ಅಮೆರಿಕದ ಮ್ಯಾನೇಜರಿಗೂ ಕೇಳುತ್ತದೆ. ಹಿತ್ತಲಲ್ಲಿ ಜಾಗವಿದೆಯಲ್ಲ, ಒಂದು ಕೋಣೆ ಎಬ್ಬಿಸಿದರಾಯಿತು ಎನಿಸುವುದು ಸಹಜ. ಎಬ್ಬಿಸಿ. ಆದರೆ ಇಂಟರ್‌ನೆಟ್ಟಿನಲ್ಲಿ ಸಿಗುವ ಗಾಜಿನ ಗೋಡೆಯ ಚೆಂದದ ಕೋಣೆಯ ಚಿತ್ರವನ್ನು ಮೇಸ್ತ್ರಿಗೆ ತೋರಿಸಬೇಡಿ. ಅದು ಬಿಸಿಲಿಗಾಗಿ ಹಂಬಲಿಸುವ ಚಳಿ ದೇಶದವರ ಕೋಣೆ. ನಮ್ಮಲ್ಲಿ ಅದು ಏಪ್ರಿಲ್‌ನಲ್ಲಿ ಬೇಯುತ್ತದೆ, ಜುಲೈಯಲ್ಲಿ ಬೂಸ್ಟು ಹಿಡಿಯುತ್ತದೆ.

ಜಾಗ ಗೊತ್ತುಮಾಡುವುದು

ಮನೆಯಿಂದ ನಲವತ್ತು, ಐವತ್ತು ಅಡಿ ದೂರ ಸಾಕು. ಊಟಕ್ಕೆ ಕರೆದರೆ ಕೇಳಬೇಕು, ಮಿಕ್ಸಿ ಕೇಳಬಾರದು. ತೆಂಗಿನ ಮರದ ಅಡಿ ಬೇಡ, ಹಲಸಿನ ಕೊಂಬೆಯ ಅಡಿಯೂ ಬೇಡ. ಬಾವಿ, ಶೌಚದ ಗುಂಡಿ, ಸೌದೆ ರಾಶಿ ದೂರವಿರಲಿ. ಸೌದೆಯಿದ್ದಲ್ಲಿಗೆ ಇಲಿ, ಇಲಿಯಿದ್ದಲ್ಲಿಗೆ ಹಾವು ಬರುತ್ತದೆ. ಒಂದು ಜೋರು ಮಳೆಯ ದಿನ ಕೊಡೆ ಹಿಡಿದು ಹಿತ್ತಲು ಸುತ್ತಿ, ನೀರು ಎಲ್ಲಿಂದ ಬಂದು ಎಲ್ಲಿ ನಿಲ್ಲುತ್ತದೆಂದು ನೋಡಿಕೊಂಡರೆ ಅರ್ಧ ನಕ್ಷೆ ತಯಾರಾದಂತೆ.

ಪಾಯ ತೆಗೆಯುವ ಮುನ್ನ ಪಹಣಿ ತೆಗೆದು ನೋಡಿ. ಹಿತ್ತಲು ಎನ್ನುವ ಜಾಗ ದಾಖಲೆಯಲ್ಲಿ ಕೃಷಿ ಜಮೀನಾಗಿದ್ದರೆ ಭೂಪರಿವರ್ತನೆಯ ಪ್ರಶ್ನೆ ಬರುತ್ತದೆ. ಬೇಲಿಯಿಂದ ಎಷ್ಟು ಜಾಗ ಬಿಡಬೇಕು, ಪರವಾನಗಿಗೆ ಏನೇನು ಕೊಡಬೇಕು ಎಂಬುದನ್ನು ಪಂಚಾಯಿತಿಯಲ್ಲಿ ಮೊದಲೇ ಕೇಳಿಕೊಳ್ಳಿ.

ಮಾಡು ಮತ್ತು ಗೋಡೆ

ಒಬ್ಬರಿಗೆ 10 ಅಡಿಗೆ 12 ಅಡಿ ಧಾರಾಳ. ಉಳಿದ ದುಡ್ಡನ್ನೆಲ್ಲ ಮಾಡಿಗೆ ಸುರಿಯಿರಿ ಎನ್ನುವುದು ನನ್ನ ಸಲಹೆ. ತಗಡಿನ ಶೀಟು ಅಗ್ಗ, ಬೇಗ ಮುಗಿಯುತ್ತದೆ, ಮಂಗ ಕುಣಿದರೂ ಒಡೆಯುವುದಿಲ್ಲ. ಆದರೆ ಆಷಾಢದ ಮಳೆ ಅದರ ಮೇಲೆ ಬಿದ್ದಾಗ ನಿಮ್ಮ ಮಾತು ನಿಮಗೇ ಕೇಳುವುದಿಲ್ಲ. ಫೋನಿನಲ್ಲೇ ದುಡಿಮೆ ಮಾಡುವವರಿಗೆ ಇದಕ್ಕಿಂತ ದೊಡ್ಡ ತೊಂದರೆ ಬೇಕೆ? ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಶುರುಮಾಡಿದ ಕಾರ್ಖಾನೆಯಿಂದ ನಾಡಿಡೀ ಹರಡಿದ ಹಂಚು ಈ ಕೆಲಸಕ್ಕೆ ಇಂದಿಗೂ ಒಳ್ಳೆಯದು. ಪಕಾಸು, ರೀಪು ಹೊಡೆದು, ಮೇಲಿನ ಹಂಚಿನ ಕೆಳಗೆ ಸೀಲಿಂಗ್ ಹಂಚನ್ನೂ ಕೂರಿಸಿದರೆ ನಡುವಿನ ಗಾಳಿಯ ಪದರ ಸದ್ದನ್ನೂ ಸೆಕೆಯನ್ನೂ ತಗ್ಗಿಸುತ್ತದೆ. ಮಂಗನ ಕಾಟ ಮಿತಿಮೀರಿದ ಊರಾದರೆ ಶೀಟನ್ನೇ ಹಾಕಿ, ಒಳಗೆ ದಪ್ಪ ಪದರವಿಟ್ಟು ಹಲಗೆಯ ಮುಚ್ಚಿಗೆ ಮಾಡಿಸಿ. ಕಲ್ನಾರಿನ ಶೀಟು ಬೇಡ. ಅದರ ಧೂಳು ಶ್ವಾಸಕೋಶಕ್ಕೆ ಕೆಡುಕು.

ಸೂರು ಗೋಡೆಯಿಂದ ಮೂರಡಿಯಾದರೂ ಹೊರಚಾಚಲಿ. ಮುಂಗಾರಿನ ಗಾಳಿ ಪಡುವಣದಿಂದ ಬೀಸಿದಾಗ ಎರಚಲು ಹೊಡೆಯುವುದು ಆ ಬದಿಯ ಗೋಡೆಗೆ. ಸಂಜೆಯ ಬಿಸಿಲು ಕಾಯಿಸುವುದೂ ಅದನ್ನೇ. ಅಲ್ಲಿ ಕಿಟಕಿ ಇಡಬೇಡಿ, ಕಪಾಟು ಕಟ್ಟಿಸಬೇಡಿ. ಮಳೆಗಾಲಕ್ಕೆ ಹಿರಿಯರು ಕಟ್ಟುತ್ತಿದ್ದ ಅಡಿಕೆ ಸೋಗೆಯ ತಟ್ಟಿಯನ್ನು ಕಟ್ಟಿ. ಮನೆಯ ತೋಟದ್ದೇ ಸೋಗೆ, ಖರ್ಚೂ ಕಡಿಮೆ. ಗೋಡೆಗೆ ಜಂಬಿಟ್ಟಿಗೆ ಸಾಕು. ಒಳಬದಿಯನ್ನು ಗಾರೆ ಮಾಡದೆ ಹಾಗೇ ಬಿಟ್ಟರೆ ಅದರ ಒರಟು ಮೈ ಕೋಣೆಯ ಪ್ರತಿಧ್ವನಿಯನ್ನೂ ಕೊಂಚ ನುಂಗುತ್ತದೆ. ಪಾಯ ನೆಲದಿಂದ ಎರಡಡಿ ಏರಲಿ, ಮಣ್ಣು ತುಂಬುವಾಗಲೇ ಒರಲೆಗೆ ಔಷಧಿ ಹಾಕಿಸಿ. ಆಮೇಲೆ ಕಾಗದಪತ್ರ ತಿನ್ನಲು ಬಂದ ಒರಲೆಯನ್ನು ಓಡಿಸುವುದು ಬಹಳ ಕಷ್ಟ.

ಬೆಳಕು, ಮೇಜು

ಉತ್ತರಕ್ಕೆ ದೊಡ್ಡ ಕಿಟಕಿ, ಮೂಡಣಕ್ಕೆ ಸಣ್ಣದು. ಎರಡೂ ಸೇರಿ ನೆಲದ ಆರನೇ ಒಂದು ಭಾಗದಷ್ಟಾದರೂ ಇರಲಿ, ಸೊಳ್ಳೆ ಪರದೆ ಮರೆಯಬೇಡಿ. ವರ್ಷದ ಹೆಚ್ಚು ದಿನ ಉತ್ತರದ ಬೆಳಕು ಹದವಾಗಿರುತ್ತದೆ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲಿನ ಸೂರ್ಯ ನಮಗೆ ಉತ್ತರಕ್ಕೇ ಇದ್ದರೂ, ಅಷ್ಟು ನೆತ್ತಿಯ ಮೇಲಿನ ಬಿಸಿಲನ್ನು ಸೂರು ತಡೆಯುತ್ತದೆ, ಉಳಿದದ್ದನ್ನು ಮೋಡ. ಕಿಟಕಿ ಎಡಕ್ಕೋ ಬಲಕ್ಕೋ ಬರುವಂತೆ ಮೇಜಿಡಿ. ಎದುರಿಗಿದ್ದರೆ ಕಣ್ಣು ಕುಕ್ಕುತ್ತದೆ, ಬೆನ್ನಿಗಿದ್ದರೆ ವಿಡಿಯೊದಲ್ಲಿ ನೀವು ಬರೀ ಕಪ್ಪು ನೆರಳು. ಗಾಜಿನ ಹಂಚು ಹಾಕುವುದಾದರೆ ಮೇಜಿನ ನೆತ್ತಿಯ ಮೇಲೆ ಬೇಡ. ಮೇಜಿನ ಎತ್ತರ 29 ಇಂಚಿನ ಆಸುಪಾಸು. ಮೇಜು ಹಳೆಯದಾದರೂ ನಡೆಯುತ್ತದೆ, ಕುರ್ಚಿಯಲ್ಲಿ ಜಿಪುಣತನ ಬೇಡ.

ಕರೆಂಟು, ಸಿಡಿಲು

ಮನೆಯಿಂದ ವೈರನ್ನು ಮರದಿಂದ ಮರಕ್ಕೆ ಎಳೆಯುವುದು ಅಪಾಯ. ಎರಡಡಿ ಆಳದ ಕಾಲುವೆ ತೆಗೆದು, ಪೈಪಿನೊಳಗೆ ಆರ್ಮರ್ಡ್ ಕೇಬಲ್ ಹಾಕಿಸಿ. ಕೋಣೆಗೆ ಬೇರೆಯೇ ಎಂಸಿಬಿ, 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ, ಸರಿಯಾದ ಅರ್ಥಿಂಗ್ ಇರಲಿ. ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲಿಗೆ ಮೊದಲ ಬಲಿ ರೂಟರ್. ಮನೆಗೂ ಕೋಣೆಗೂ ನಡುವೆ ತಾಮ್ರದ ಲ್ಯಾನ್ ಕೇಬಲ್ ಎಳೆದರೆ ಅದು ಸಿಡಿಲಿನ ಹೊಡೆತವನ್ನೂ ಹೊತ್ತು ತರುತ್ತದೆ. ಲೋಹದ ತಂತಿಯಿಲ್ಲದ ಆಪ್ಟಿಕಲ್ ಫೈಬರ್ ಕೇಬಲ್ಲಿಗೆ ಆ ಭಯವಿಲ್ಲ. ಹಾಗಂತ ಗುಡುಗು ಶುರುವಾದಾಗ ಪ್ಲಗ್ ಕೀಳುವ ಹಳೆಯ ರೂಢಿ ಬಿಡಬೇಡಿ.

ಲ್ಯಾಪ್‌ಟಾಪಿಗೆ 60 ವಾಟ್, ರೂಟರಿಗೆ 15, ಬಿಎಲ್‌ಡಿಸಿ ಫ್ಯಾನಿಗೆ 30, ದೀಪಕ್ಕೆ 10: ಒಟ್ಟು 115. ಇಷ್ಟು ಹೊರೆಗೆ 12 ವೋಲ್ಟಿನ 150 ಎಎಚ್ ಬ್ಯಾಟರಿ ಹೊಸದಿದ್ದಾಗ ಸುಮಾರು ಎಂಟು ಗಂಟೆ ಬರುತ್ತದೆ. ಮರ ಬಿದ್ದು ಎರಡು ದಿನ ಕರೆಂಟಿಲ್ಲದ ಊರಿನವರು ಸೋಲಾರ್ ಯೋಚಿಸಬಹುದು, ಆದರೆ ಮಳೆಗಾಲದಲ್ಲಿ ಅದರ ಉತ್ಪಾದನೆ ಬಹಳ ಇಳಿಯುತ್ತದೆಂಬುದು ಲೆಕ್ಕದಲ್ಲಿರಲಿ.

ಕಾಲ ನೋಡಿ ಕಟ್ಟಿ

ದೀಪಾವಳಿ ಕಳೆದ ಮೇಲೆ ಪಾಯ, ಶಿವರಾತ್ರಿಯೊಳಗೆ ಮಾಡು, ಯುಗಾದಿಗೆ ನೆಲ, ವೈರಿಂಗ್. ಅಡಿಕೆ ಕೊಯ್ಲೂ ಇದೇ ಹೊತ್ತಿಗೆ ಬರುವುದರಿಂದ ಆಳು ಸಿಗುವುದು ಕಷ್ಟ. ಮೇಸ್ತ್ರಿಯನ್ನು ನವರಾತ್ರಿಗೇ ಮಾತಾಡಿಸಿಡಿ. ಮನೆಯಿಂದ ಕೋಣೆಯವರೆಗಿನ ದಾರಿಗೆ ನಯವಾದ ಟೈಲ್ಸ್ ಬೇಡ, ಪಾಚಿ ಕಟ್ಟಿದರೆ ಜಾರುವುದು ಖಂಡಿತ. ಒರಟು ಕಲ್ಲು ಹಾಸಿ, ಮಳೆಗಾಲದಲ್ಲಿ ಮೇಲೊಂದಿಷ್ಟು ಅಡಿಕೆ ದಬ್ಬೆ. ಪ್ರತಿ ಮೇ ತಿಂಗಳು ಒಡೆದ ಹಂಚು ಬದಲಿಸಲು ಇಪ್ಪತ್ತು, ಮೂವತ್ತು ಹಂಚು ಹೆಚ್ಚೇ ತರಿಸಿ ಗೋಡೆಗೊರಗಿಸಿಡಿ. ಹತ್ತು ವರ್ಷ ಕಳೆದ ಮೇಲೆ ಅದೇ ಅಳತೆಯ, ಅದೇ ಅಚ್ಚಿನ ಹಂಚು ಸಿಗುವುದು ಕಷ್ಟ.