ಇಬ್ಬರು ಹೆಂಗಸರು ಹೊತ್ತ ಪುಸ್ತಕ



ಹೆಬ್ಬೆಟ್ಟು ಒತ್ತುತ್ತಿದ್ದವರು ಸಂಘದ ಪುಸ್ತಕದಲ್ಲಿ ಮೊದಲ ಸಲ ಸಹಿ ಹಾಕಿದ ದಿನ ನಿಮಗೆ ನೆನಪಿರಬಹುದು. ತನ್ನ ಹೆಸರು, ತನ್ನದೇ ಅಕ್ಷರದಲ್ಲಿ! ಒಂದು ಇಡೀ ಜನಾಂಗಕ್ಕೆ ಹೀಗೆ ಅಕ್ಷರ ಸಿಕ್ಕಿದ ಕಥೆ ಈ ಸಲದ ಪಾಠ.

ಟರ್ಕಿ, ಇರಾನ್ ದೇಶಗಳ ಪಕ್ಕದಲ್ಲಿ ಅರ್ಮೇನಿಯಾ ಎಂಬ ಚಿಕ್ಕ ಬೆಟ್ಟಗುಡ್ಡದ ನಾಡಿದೆ. ಕ್ರಿ.ಶ. 301ರಲ್ಲಿ ಅಲ್ಲಿನ ರಾಜ ತಿರಿದಾತನು ಸಂತ ಗ್ರೆಗೊರಿಯವರಿಂದ ಜ್ಞಾನಸ್ನಾನ ಪಡೆದು, ಕ್ರೈಸ್ತಧರ್ಮವನ್ನೇ ನಾಡಿನ ಧರ್ಮ ಮಾಡಿದನೆಂದು ಅವರ ಪರಂಪರೆ ಹೇಳುತ್ತದೆ. (ಹಳೆಯ ಗುಡಿಗಳನ್ನು ಆಗ ಕೆಡವಿದರು ಎಂಬುದೂ ಅವರ ಚರಿತ್ರೆಯಲ್ಲೇ ಇದೆ, ಮುಚ್ಚಿಡಬೇಕಾಗಿಲ್ಲ.) ಆದರೆ ಧರ್ಮ ಬಂದರೆ ಸಾಕೇ? ಪೂಜೆಯಲ್ಲಿ ಓದುತ್ತಿದ್ದದ್ದು ಗ್ರೀಕ್, ಇಲ್ಲವೇ ಸಿರಿಯಾಕ್ ಭಾಷೆ. ಹಳ್ಳಿಯ ಹೆಂಗಸಿಗೆ ಅದು ಎಲ್ಲಿಂದ ಅರ್ಥ ಆಗಬೇಕು? ಅವರ ಭಾಷೆಗೆ ಸ್ವಂತ ಲಿಪಿಯೇ ಇರಲಿಲ್ಲ. ಸಾಲದ್ದಕ್ಕೆ 387ರ ಹೊತ್ತಿಗೆ ರೋಮ್ ಮತ್ತು ಪರ್ಷಿಯಾ ಸೇರಿ ಆ ನಾಡನ್ನು ಹಂಚಿಕೊಂಡವು.

ಆಗ ಮೆಸ್ರೋಪ್ ಮಾಷ್ಟೋತ್ಸ್ ಎಂಬ ಸನ್ಯಾಸಿ, ಸುಮಾರು 405ರಲ್ಲಿ, 36 ಅಕ್ಷರಗಳನ್ನು ರೂಪಿಸಿದರು. ಅದರಲ್ಲಿ ಮೊದಲು ಬರೆದದ್ದು ಬೈಬಲ್. ಶಾಲೆಗಳು ಶುರುವಾದವು. ಬೈಬಲಿಗಾಗಿ ಹುಟ್ಟಿದ ಅಕ್ಷರದಲ್ಲಿ ಆಮೇಲೆ ಚರಿತ್ರೆ, ಹಾಡು, ವೈದ್ಯ ಎಲ್ಲವನ್ನೂ ಬರೆದರು. 428ರಲ್ಲಿ ರಾಜನ ಪಟ್ಟವೇ ಹೋಯಿತು, ಅಕ್ಷರ ಹೋಗಲಿಲ್ಲ. ಮುಂದೆ ಎರಡು ಅಕ್ಷರ ಸೇರಿಸಿಕೊಂಡು ಇವತ್ತಿಗೂ ಅದೇ ಲಿಪಿಯಲ್ಲಿ ಬರೆಯುತ್ತಾರೆ.

ಆ ಲಿಪಿಯ ಒಂದು ಪುಸ್ತಕದ ವಿಷಯ ಕೇಳಿ. 1200ರಿಂದ 1202ರ ನಡುವೆ ಚರ್ಮದ ಹಾಳೆಗಳ ಮೇಲೆ ಬರೆದ ಪ್ರಬೋಧನೆಗಳ ಪುಸ್ತಕವೊಂದು ಮುಷ್ ಊರಿನ ಮಠದಲ್ಲಿ ಉಳಿದಿತ್ತು. ತೂಕ ಸುಮಾರು 28 ಕೆ.ಜಿ., ಅಂದರೆ ಅರ್ಧ ಮೂಟೆ ಅಕ್ಕಿಗಿಂತ ಜಾಸ್ತಿ! ಬರೆದ ಹೊಸದರಲ್ಲೇ ಅದು ಕೊಳ್ಳೆ ಹೋದಾಗ, ಜನರು ಇದ್ದಷ್ಟು ಕೂಡಿಸಿ 4000 ಬೆಳ್ಳಿ ನಾಣ್ಯ ಕೊಟ್ಟು ಬಿಡಿಸಿ ತಂದರಂತೆ.

1915ರಲ್ಲಿ ಒಟ್ಟೋಮನ್ ತುರ್ಕರ ಆಡಳಿತದಲ್ಲಿ ಲಕ್ಷಾಂತರ ಅರ್ಮೇನಿಯನ್ನರ ಕೊಲೆಯಾಯಿತು. ಜೀವ ಉಳಿಸಿಕೊಳ್ಳಲು ಓಡುತ್ತಿದ್ದ ಇಬ್ಬರು ಹೆಂಗಸರ ಕಣ್ಣಿಗೆ ಈ ಪುಸ್ತಕ ಬಿತ್ತು. ಒಬ್ಬರಿಂದ ಎತ್ತಲಾಗಲಿಲ್ಲ. ಎರಡು ಭಾಗ ಮಾಡಿ ಹೊತ್ತರು. ಒಬ್ಬಾಕೆ ನಡೆದೂ ನಡೆದೂ ಎಚ್ಮಿಯಾದ್ಜಿನ್ ಪ್ರಧಾನ ದೇವಾಲಯಕ್ಕೆ ತನ್ನ ಪಾಲನ್ನು ಮುಟ್ಟಿಸಿದಳು. ಇನ್ನೊಬ್ಬಾಕೆ ದಾರಿಯಲ್ಲೇ ತೀರಿಕೊಂಡಳು. ಅದಕ್ಕೆ ಮೊದಲು ತನ್ನ ಪಾಲನ್ನು ಎರ್ಜುರುಮ್ ಊರಿನಲ್ಲಿ ಮಣ್ಣಿನಡಿ ಹೂತಿಟ್ಟಿದ್ದಳು. ಅದೂ ಆಮೇಲೆ ಸಿಕ್ಕಿತು. ಎರಡೂ ಪಾಲು ಈಗ ರಾಜಧಾನಿ ಯೆರೆವಾನ್‌ನ ಮಾತೆನದಾರನ್ ಎಂಬ ಗ್ರಂಥಾಲಯದಲ್ಲಿವೆ.

ಮುಂದಿನ ಸಭೆಯಲ್ಲಿ ಮಾತಾಡಿಕೊಳ್ಳಿ: ಮಕ್ಕಳು-ಮರಿ, ರೊಟ್ಟಿ, ಬಟ್ಟೆ ಹೊರಬೇಕಾದ ಹೊತ್ತಿನಲ್ಲಿ ಆ ಇಬ್ಬರು ಈ ಭಾರ ಯಾಕೆ ಹೊತ್ತರು? ಅವರು ಹೊತ್ತದ್ದು ಧರ್ಮವನ್ನೋ, ಭಾಷೆಯನ್ನೋ?